ಅರವತ್ತು ಸೇರು ಪುರಿ

ಆ ಬೆಳಿಗ್ಗೆ ಆಷಾಢದ ಗಾಳಿಗೆ ಮೈಮೇಲೆ ಎಚ್ಚರವೇ ಇರಲಿಲ್ಲ. ಮಳೆಯಿಲ್ಲ, ಬಿಸಿಲೂ ಇಲ್ಲ. ಬೂದು ಮೋಡಗಳು ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಕೆಸರೆಯ ಹೆಂಚಿನ ಮನೆಗಳ ಮೇಲೆ ಓಡುತ್ತಿದ್ದವು. ಶಾಲೆಯ ಜಗಲಿಯಲ್ಲಿ ಕುಳಿತು ಅಂಕ ಕೂಡುತ್ತಿದ್ದ ಶಿವಕುಮಾರ್ ಮೇಷ್ಟ್ರ ಮೇಜಿಗೆ ಆ ಗಾಳಿ ನುಗ್ಗಿತು. ನಲವತ್ತೊಂದು ಉತ್ತರಪತ್ರಿಕೆಗಳು ಒಟ್ಟಿಗೇ ಎದ್ದು ಹಾರಿದವು.

"ಹಿಡೀರಿ ಮಿಸ್, ಹಿಡೀರಿ!"

ನಾಲ್ಕನೇ ತರಗತಿಯ ಧರಣಿ ಮಿಸ್ ಆಗಷ್ಟೇ ಗೇಟು ದಾಟಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಹಾಳೆಗಳ ಹಿಂದೆ ಓಡಿದ ರೀತಿ ನೋಡಿ ಶಿವಕುಮಾರ್ ತಾನೂ ಓಡಬೇಕೆಂಬುದನ್ನು ಮರೆತ. ನೆನಪಾಗಿ ಹೆಜ್ಜೆಯಿಟ್ಟವನು ಒಂದು ಹಾಳೆಯ ಮೇಲೇ ಕಾಲಿಟ್ಟ.

"ಅಯ್ಯೋ ಶಿವನೇ!"

ಧರಣಿ ಬಗ್ಗಿ ಅವನ ಚಪ್ಪಲಿಯಡಿಯಿಂದ ಹಾಳೆ ಬಿಡಿಸಿಕೊಂಡಳು. ಧೂಳು ಊದಿ, ಕಣ್ಣಿಗೊತ್ತಿಕೊಂಡಳು. ತಾನು ಮಾಡಿದ ಪಾಪವನ್ನು ಅವಳು ಸದ್ದಿಲ್ಲದೆ ಕಳೆದುಬಿಟ್ಟಂತೆ ಅವನಿಗೆ ಅನ್ನಿಸಿತು. ಎರಡು ವರ್ಷಗಳಿಂದ ಅವಳು ಹೀಗೇ. ಅವನು ಎಡವಿದ ಕಡೆಯಲ್ಲೆಲ್ಲ ಬಗ್ಗಿ ಏನನ್ನೋ ಎತ್ತಿಕೊಡುತ್ತಿದ್ದಳು. ಅವನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಮುಂದೆ ನಡೆದಿರುತ್ತಿದ್ದಳು.

ಈ ಸಲ ಮಾತ್ರ ಅವಳು ನಡೆಯಲಿಲ್ಲ. ಹಾಳೆಯನ್ನೇ ನೋಡುತ್ತಾ ನಿಂತಳು.

"ಸರ್, ಮಾದೇವಿಗೆ ಇಲ್ಲಿ ಸೊನ್ನೆ ಯಾಕೆ?"

ಅದು ತೊಂಬತ್ತೆಂಟನೆಯ ಇಸವಿ. ಗಣಿತದಲ್ಲಿ ಚುರುಕಾದ ಹನ್ನೆರಡು ಮಕ್ಕಳನ್ನು ಆರಿಸಿ, ಮುಂದಿನ ತರಗತಿಗಳ ಲೆಕ್ಕವನ್ನು ಈಗಲೇ ಕಲಿಸುವುದೆಂದು ಶಾಲೆಯ ಆಡಳಿತದವರು ತೀರ್ಮಾನಿಸಿದ್ದರು. ಆಯ್ಕೆಯಾದ ಮಕ್ಕಳ ಓದಿನ ಖರ್ಚು ಏಳನೆಯ ತರಗತಿಯವರೆಗೆ ಶಾಲೆಯದೇ. ಐವತ್ತಕ್ಕೆ ನಲವತ್ತು ಬಂದವರಿಗಷ್ಟೇ ಸೀಟು. ಹನ್ನೊಂದು ಹೆಸರು ಆಗಿತ್ತು. ಪಟ್ಟಿ ಅಂದು ಸಂಜೆಯೇ ಬೋರ್ಡಿಗೆ ಹತ್ತಬೇಕು. ಮಾದೇವಿಗೆ ಬಂದದ್ದು ಮೂವತ್ತಾರು.

"ಉತ್ತರ ಮೂವತ್ತು. ಅವಳು ಇಪ್ಪತ್ನಾಲ್ಕು ಅಂತ ಬರೆದಿದ್ದಾಳೆ. ಸ್ಟೆಪ್ಸ್ ಒಂದೂ ಇಲ್ಲ. ನಾಲ್ಕು ಮಾರ್ಕು ಎಲ್ಲಿಂದ ಕೊಡ್ಲಿ ಮಿಸ್?"

ಧರಣಿ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಳು. "ಒಂದು ಚೀಲದಲ್ಲಿ ಅರವತ್ತು ಸೇರು ಪುರಿ ಇದೆ. ಒಬ್ಬೊಬ್ಬರು ಎರಡು ಸೇರಿನಂತೆ ಕೊಂಡರೆ ಎಷ್ಟು ಜನರಿಗೆ ಸಾಕಾಗುತ್ತದೆ?"

"ನಾನೇ ಮಾಡಿದ ಪ್ರಶ್ನೆ," ಎಂದ ಶಿವಕುಮಾರ್, ಸ್ವಲ್ಪ ಹೆಮ್ಮೆಯಿಂದಲೇ. "ಲೀಟರು ಗೀಟರು ಬೇಡ, ಮಕ್ಕಳಿಗೆ ಗೊತ್ತಿರೋದು ಇರ್ಲಿ ಅಂತ."

"ಅವಳನ್ನ ಕೇಳಿದ್ರಾ?"

"ಪೇಪರ್ ಕೇಳ್ತಲ್ಲ ಮಿಸ್."

ಧರಣಿ ತಲೆಯೆತ್ತಿದಳು. ಬೇರೆಯವರಾಗಿದ್ದರೆ ಆ ನೋಟದಲ್ಲಿ ಸಿಟ್ಟಿರುತ್ತಿತ್ತು. ಅವಳ ಕಣ್ಣಲ್ಲಿ ಇದ್ದದ್ದು ತಪ್ಪು ಲೆಕ್ಕ ಮಾಡಿದ ಮಗುವಿನ ಮೇಲಿನ ಅಕ್ಕರೆ. ಶಿವಕುಮಾರನ ಕಿವಿ ಬಿಸಿಯಾಯಿತು.

"ಅವಳಜ್ಜಿ ಏನಂದ್ರು ಗೊತ್ತಾ? 'ಸ್ಕೂಲಿಗೆ ಬೇಕಾದ್ರೆ ಇರ್ಲಿ ಕಣವ್ವಾ, ಇಲ್ದಿದ್ರೆ ಅವಳ ಸೋದರಮಾವನ ಊರಿಗೆ ಕಳಿಸ್ಬುಡ್ತೀನಿ, ಕೂಸು ನೋಡ್ಕೊಂಡಿರ್ಲಿ' ಅಂತ. ಈ ನಾಲ್ಕು ಮಾರ್ಕು ಬರೀ ಮಾರ್ಕಲ್ಲ ಸರ್."

"ಹಂಗಂತ ಪುಕ್ಕಟೆ ಕೊಡಕ್ಕಾಗುತ್ತಾ?"

"ಪುಕ್ಕಟೆ ಬೇಡ. ಊಟದ ಬೆಲ್ ಹೊಡೆದ ಮೇಲೆ ನನ್ನ ಜೊತೆ ಬನ್ನಿ. ಪುರಿ ತಗೊಂಡು ಬರೋಣ."

ಅವಳ ಜೊತೆ ಪುರಿಗಲ್ಲ, ಮೇಟಗಳ್ಳಿಯವರೆಗೆ ಬರಿಗಾಲಲ್ಲಿ ನಡೆಯಲೂ ಶಿವಕುಮಾರ್ ತಯಾರಿದ್ದ. ಅದನ್ನು ಹೇಳುವ ಧೈರ್ಯವೊಂದಿರಲಿಲ್ಲ.

ಶಾಲೆಯಿಂದ ಎರಡು ಬೀದಿಯಾಚೆ, ಹೊಂಗೆಮರದ ಕೆಳಗೆ ಮಂಚಮ್ಮನ ಅಂಗಡಿ. ಅಂಗಡಿಯೆಂದರೆ ಒಂದು ಗೋಣಿತಾಟು, ಎರಡು ಚೀಲ ಕಡಲೆಪುರಿ, ಸವೆದು ಹೊಳೆಯುವ ಒಂದು ಸೇರು. ಪಕ್ಕದಲ್ಲಿ ಮೊಮ್ಮಗಳು ಮಾದೇವಿ ಮೊಣಕಾಲಿನ ಮೇಲೆ ತಟ್ಟೆಯಿಟ್ಟುಕೊಂಡು ಮುದ್ದೆ ಮುರಿಯುತ್ತಿದ್ದಳು. ಗಣಿತದ ಮೇಷ್ಟ್ರನ್ನು ಕಂಡವಳೇ ಅಜ್ಜಿಯ ಬೆನ್ನ ಹಿಂದೆ ಸರಿದಳು.

"ಬನ್ನಿ ಮೇಷ್ಟ್ರೇ, ಬಾ ಕಣವ್ವಾ. ಏನು, ಜೋಡಿಯಾಗಿ ಬಂದ್ಬುಟ್ರಿ?"

"ಎರಡು ಸೇರು ಪುರಿ ಕೊಡಿ ಅಜ್ಜಿ," ಎಂದಳು ಧರಣಿ ಅವಸರದಿಂದ. ಅವಳ ಕೆನ್ನೆ ಕೆಂಪಾದದ್ದನ್ನು ಶಿವಕುಮಾರ್ ನೋಡಿದ. ನೋಡಿದ್ದನ್ನು ಅವಳೂ ನೋಡಿದಳು.

ಮಂಚಮ್ಮ ಒಂದು ಸೇರು ಅಳೆದು ಕಾಗದದ ಚೀಲಕ್ಕೆ ಸುರಿದಳು. ಸುರಿದು, ಒಂದು ಹಿಡಿ ಹಾಕಿದಳು. ಮತ್ತೊಂದು ಹಿಡಿ ಹಾಕಿದಳು. ಎರಡನೆಯ ಸೇರು. ಮತ್ತೆ ಎರಡು ಹಿಡಿ.

"ಅಜ್ಜಿ, ಇದೇನು ಜಾಸ್ತಿ?" ಎಂದ ಶಿವಕುಮಾರ್.

"ಕೊಸರು ಕಣ್ರೀ. ಕೊಸರು ಆಕ್ದೆ ಎಂಗೆ ಕೊಡದು? ಅಳ್ದು ಅಂಗೇ ಕೈ ತೊಳ್ಕಂಡ್ರೆ ಮಾದಪ್ಪ ಮೆಚ್ತನಾ?"

ಶಿವಕುಮಾರ್ ಸೇರನ್ನೇ ನೋಡಿದ. ಚಿಕ್ಕಂದಿನಿಂದ ಕೊಸರು ತಿಂದು ಬೆಳೆದವನು ಅವನು. ಪ್ರಶ್ನೆ ಬರೆಯುವಾಗ ಮಾತ್ರ ಅದು ಹೊಳೆದಿರಲಿಲ್ಲ.

ಧರಣಿ ಮಾದೇವಿಯ ಮುಂದೆ ನೆಲದ ಮೇಲೇ ಕುಳಿತಳು. ತಪ್ಪೆನ್ನಲಿಲ್ಲ, ಸರಿಯೆನ್ನಲಿಲ್ಲ. "ಇಪ್ಪತ್ನಾಲ್ಕು ಎಂಗೆ ಬಂತು ಮಗಾ?" ಎಂದಳು, ಕಥೆ ಕೇಳುವವರ ಹಾಗೆ.

ಮಾದೇವಿ ಒಮ್ಮೆ ಮೇಷ್ಟ್ರನ್ನೂ ಒಮ್ಮೆ ಸೇರನ್ನೂ ನೋಡಿದಳು. "ಎಂಟು ಹಿಡಿಗೆ ಒಂದು ಸೇರು ಮಿಸ್. ಎರಡು ಸೇರು ತಗೊಂಡವ್ರಿಗೆ ನಾಲ್ಕು ಹಿಡಿ ಕೊಸರು. ಒಬ್ರಿಗೆ ಎರಡೂವರೆ ಸೇರು ಹೋಯ್ತದೆ."

"ಆಮೇಲೆ?"

"ಅರ್ಧ ಇದ್ರೆ ಕಷ್ಟ. ಅದ್ಕೆ ಇಬ್ಬಿಬ್ರನ್ನ ಜೊತೆ ಮಾಡ್ಕೊಂಡೆ. ಒಂದು ಜೊತೆಗೆ ಐದು ಸೇರು. ಅರವತ್ತಕ್ಕೆ ಹನ್ನೆರಡು ಜೊತೆ. ಇಪ್ಪತ್ನಾಲ್ಕು ಜನ."

ಹೊಂಗೆಮರ ಸುಯ್ಯೆಂದಿತು. ಶಿವಕುಮಾರ್ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದು ನೋಡಿದ. ಬಂತು. ಅವನು ಹೇಳಿಕೊಡದ ಭಿನ್ನರಾಶಿಯನ್ನು ಒಂಬತ್ತು ವರ್ಷದ ಹುಡುಗಿ, ಇಬ್ಬಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ, ತೊಡಕಿಲ್ಲದೆ ದಾಟಿದ್ದಳು. ಅವನ ಕೈ ತಾನಾಗಿಯೇ ಶರ್ಟಿನೊಳಗಿನ ಇಷ್ಟಲಿಂಗವನ್ನು ಮುಟ್ಟಿತು. ಇಷ್ಟು ದೊಡ್ಡದನ್ನು ಇಷ್ಟು ಸಣ್ಣ ತಲೆಯಲ್ಲಿಟ್ಟವನಿಗೆ ಅವನು ಮನಸ್ಸಿನಲ್ಲೇ ಶರಣೆಂದ.

ವಾಪಸು ಬರುವಾಗ ಪುರಿಯ ಚೀಲವನ್ನು ಎದೆಗವಚಿಕೊಂಡು ನಡೆದ. ಗಾಳಿಗೆ ಒಂದೊಂದೇ ಪುರಿ ಹಾರಿ ಧರಣಿಯ ಜಡೆಗೆ ಸಿಕ್ಕಿಕೊಳ್ಳುತ್ತಿತ್ತು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಇಲ್ಲ ಸರ್. ಅವಳು ಸುಮ್ನೆ ಏನೋ ಬರೆಯೋ ಹುಡುಗಿ ಅಲ್ಲ ಅಂತ ಮಾತ್ರ ಗೊತ್ತಿತ್ತು."

ಅವನು ನಿಂತ. "ನನಗೆ ನಿಮ್ಮ ಹಂಗೆ ನೋಡೋಕೆ ಬರಲ್ಲ ಧರಣಿ ಮಿಸ್. ನಾನು ಉತ್ತರ ನೋಡ್ತೀನಿ, ನೀವು ಮಗು ನೋಡ್ತೀರಿ. ನಿಮ್ಮ ಜೊತೇಲೇ ಇದ್ರೆ ಕಲೀತೀನೇನೋ."

"ಸ್ಪೆಷಲ್ ಕ್ಲಾಸ್ ಬೇಕಾ?"

"ಸೀಟಿದ್ರೆ. ಜೀವನಪೂರ್ತಿ."

ಧರಣಿ ಜಡೆಯಿಂದ ಪುರಿಯೊಂದನ್ನು ಬಿಡಿಸಿ ಬೆರಳಲ್ಲಿ ಹೊರಳಿಸಿದಳು. ನಗು ಇನ್ನೂ ತುಟಿಯಲ್ಲಿತ್ತು, ದನಿ ಮಾತ್ರ ಇಳಿಯಿತು. "ನಮ್ಮಪ್ಪ ಫ್ಯಾಕ್ಟರಿ ಕೆಲಸದವರು. ನಮ್ಮ ನಡುಮನೇಲಿ ಬುದ್ಧನ ಪಟ ಇದೆ. ನಿಮ್ಮಮ್ಮ ಮಠಕ್ಕೆ ನಡ್ಕೊಳ್ಳೋರು. ನಮ್ಮ ಕೇರಿಯೋಳನ್ನ ಹೊಸಿಲು ದಾಟಿಸ್ತಾರಾ? ಒಪ್ಪಲ್ಲ ಸರ್."

"ಅಮ್ಮನ್ನ ಕೇಳಿದ್ರಾ?"

"ಏನು?"

"ಕೇಳ್ದೇನೇ ಸೊನ್ನೆ ಹಾಕ್ತಿದ್ದೀರಲ್ಲ ಮಿಸ್."

ಅವಳು ಗಕ್ಕನೆ ಅವನತ್ತ ತಿರುಗಿದಳು. ಆಮೇಲೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿಕೊಂಡು ಹೋದರು.

"ಅವರು ಒಪ್ಪದಿದ್ರೆ?"

"ಒಂದು ಸಲಕ್ಕೆ ಒಪ್ಪೋರಲ್ಲ. ಒಪ್ಪೋ ತನಕ ದಿನಾ ಪಕ್ಕದಲ್ಲಿ ಕೂತು ಹೇಳ್ತೀನಿ. ನನ್ನ ಉತ್ತರ ಮಾತ್ರ ಬದಲಾಗಲ್ಲ. ನಿಮ್ಮ ಉತ್ತರ?"

"ಆಷಾಢದಲ್ಲಿ ಯಾರಾದ್ರೂ ಇದನ್ನ ಕೇಳ್ತಾರಾ ಸರ್?" ಅವಳು ಎರಡು ಹೆಜ್ಜೆ ಮುಂದೆ ಹೋಗಿ, ತಿರುಗದೆ ಹೇಳಿದಳು. "ನಂದು ಹೋದ ಆಷಾಢದಿಂದಲೇ ಹೂಂ. ನೀವೇ ಕೇಳಲಿಲ್ಲ."

ಶಿವಕುಮಾರನ ತೋಳಿನಲ್ಲಿ ಪುರಿಯ ಚೀಲ ನಜ್ಜುಗುಜ್ಜಾಯಿತು.

ಹೆಡ್ಮಾಸ್ಟರ್ ಏಕಾಂತಯ್ಯನವರು ಕನ್ನಡಕ ಹಣೆಗೇರಿಸಿ ಎಲ್ಲವನ್ನೂ ಕೇಳಿದರು. ಅಷ್ಟು ಸುಲಭಕ್ಕೆ ಬಗ್ಗುವವರಲ್ಲ ಅವರು.

"ಏನ್ರೀ ಶಿವಕುಮಾರ್, ನೀವೇ ತಪ್ಪು ಅಂತ ಸೊನ್ನೆ ಹಾಕಿದ್ರಿ. ಕಮಿಟಿಯವರು ಕೇಳಿದ್ರೆ ಏನು ಹೇಳ್ಲಿ?"

ಧರಣಿ ಬಾಗಿಲ ಬಳಿ ನಿಂತಿದ್ದಳು. ಪ್ರಶ್ನೆ ಮಾಡಿದವನು ತನ್ನ ಪ್ರಶ್ನೆಯೇ ಹೊಂದಲಿಲ್ಲವೆಂದು ಒಪ್ಪಿಕೊಳ್ಳುವುದನ್ನು ಅವಳು ಆ ಶಾಲೆಯಲ್ಲಿ ಕಂಡಿರಲಿಲ್ಲ.

"ತಪ್ಪು ನಂದು ಅಂತ ಹೇಳಿ ಸರ್. ಬರವಣಿಗೇಲೂ ಕೊಡ್ತೀನಿ. ಕೊಸರು ಇಲ್ಲ ಅಂತ ನಾನು ಪ್ರಶ್ನೇಲಿ ಬರೀಲಿಲ್ಲ. ಮೂವತ್ತು ಬರೆದವರದೂ ಸರಿ, ಇವಳದೂ ಸರಿ. ಆದರೆ ಇವಳು ಮಾಡಿರೋ ಲೆಕ್ಕ ನಾನು ಕೇಳಿದ್ದಕ್ಕಿಂತ ದೊಡ್ಡದು."

ಏಕಾಂತಯ್ಯನವರು ಚೀಲದಿಂದ ನಾಲ್ಕು ಪುರಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. "ನನಗೂ ಹೊಳೀಲಿಲ್ಲ ನೋಡಿ," ಎಂದು ಪಟ್ಟಿಯನ್ನು ಎಳೆದುಕೊಂಡು, ಹನ್ನೆರಡನೆಯ ಸಾಲನ್ನು ತಮ್ಮ ಕೈಯಾರೆ ಬರೆದು ಸಹಿ ಹಾಕಿದರು.

ಶಿವಕುಮಾರ್ ಹೊರಗೆ ಬಂದಾಗ ಧರಣಿ ಅವನನ್ನು ನೋಡಿದಳು. ದೇವರ ಮುಂದೆ ದೀಪ ಹಚ್ಚಿ ಒಂದು ಗಳಿಗೆ ನಿಂತು ನೋಡುತ್ತೇವಲ್ಲ, ಹಾಗಿತ್ತು ಆ ನೋಟ.

ಸಂಜೆ ಬೋರ್ಡಿನ ಮುಂದೆ ಮಕ್ಕಳ ಗದ್ದಲ. ಮಾದೇವಿ ತನ್ನ ಹೆಸರಿನ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದಳು, ತೆಗೆದರೆ ಅಳಿಸಿಹೋದೀತೆಂಬಂತೆ. ಶಿವಕುಮಾರ್ ಜಗಲಿಯ ಮೆಟ್ಟಿಲಲ್ಲಿ ಕುಳಿತು ಅವಳ ಉತ್ತರಪತ್ರಿಕೆಯಲ್ಲಿದ್ದ ಸೊನ್ನೆಯನ್ನು ಹೊಡೆದುಹಾಕಿದ. ಪಕ್ಕದಲ್ಲಿ ನಾಲ್ಕು ಬರೆದ, ಕೆಳಗೆ ನಲವತ್ತು. ಎದ್ದು ಅವಳ ಬಳಿ ಹೋಗಿ, ಬೇರೆ ಮಕ್ಕಳಿಗೆ ಕೇಳಿಸದಷ್ಟು ಮೆಲ್ಲಗೆ, "ನಿಂದು ಕಣಮ್ಮ ಇದು," ಎಂದು ಎರಡೂ ಕೈಯಲ್ಲಿ ಹಾಳೆಯನ್ನು ಅವಳಿಗೆ ಕೊಟ್ಟ.