ಮೇನ್ ಆಫ್ ಮಾಡಿದವನು

ಬೆಳಿಗ್ಗೆ ಹನ್ನೊಂದೂವರೆಗೆ ಮಕ್ಕಳ ವಾರ್ಡಿನ ಫ್ಯಾನುಗಳು ನಿಂತವು. ಅರ್ಧ ಗಂಟೆ ಕಾದು, ನರ್ಸ್ ಗೊಣಗುತ್ತ ಆಸ್ಪತ್ರೆಯ ತಾರಸಿಗೆ ಹತ್ತಿದಳು. ಮೆಟ್ಟಿಲ ತುದಿಯ ಪೆಟ್ಟಿಗೆ ತೆರೆದಿತ್ತು. ಆ ಒಂದು ವಾರ್ಡಿಗೆಂದು ಮೊದಲೇ ಹಾಕಿದ್ದ ಸಣ್ಣ ಸೋಲಾರಿನ ಮೇನ್ ಸ್ವಿಚ್ಚನ್ನು ಯಾರೋ ಆಫ್ ಮಾಡಿದ್ದರು. ಆನ್ ಮಾಡಲು ಕೈಯೆತ್ತಿದವಳು ಅದೇ ಕೈಯನ್ನು ಬಾಯಿಗೆ ಒತ್ತಿಕೊಂಡಳು.

ಊರಾಡಳಿತದ ಎಂಜಿನಿಯರ್ ಅಂಗಾತ ಬಿದ್ದಿದ್ದ. ತಲೆಯ ಎಡಭಾಗ ಒಳಕ್ಕೆ ಕುಸಿದಿತ್ತು. ಒಂದೇಟಲ್ಲ — ಐದಾರು. ರಕ್ತ ಸೋಲಾರ್ ಹಲಗೆಯ ಗಾಜಿನ ಮೇಲೆ ಚಿಮ್ಮಿ ಬಿಸಿಲಿಗೆ ಆಗಲೇ ಕಪ್ಪಗಾಗಿತ್ತು. ಪಕ್ಕದಲ್ಲಿ ಹಲಗೆ ಕೂರಿಸುವ ಅಲ್ಯೂಮಿನಿಯಂ ಕಂಬಿ, ತುದಿಯಲ್ಲಿ ಕೂದಲು. ಎರಡು ಮಾರು ಆಚೆ, ಹಲಗೆಯಿಂದ ಬಂದ ಎರಡು ವೈರು ತುಂಡಾಗಿ ಬಿದ್ದಿದ್ದವು.

ಅವನನ್ನು ಕೊಂದವನಿಗೆ ಆತುರವಿತ್ತು. ಅಂದು ಮಧ್ಯಾಹ್ನ ಮೂರಕ್ಕೆ ಟೆಂಡರ್ ಲಕೋಟೆ ಒಡೆಯಬೇಕಿತ್ತು. ಆಸ್ಪತ್ರೆ, ಶಾಲೆಗಳು, ಗ್ರಂಥಾಲಯ, ಪಂಪ್‌ಹೌಸ್ — ಊರಿನ ಹದಿನಾಲ್ಕು ಸರ್ಕಾರಿ ಕಟ್ಟಡಗಳಿಗೆ ಪೂರ್ತಿ ಸೋಲಾರ್ ಹಾಕಿ, ಕರೆಂಟು ನುಂಗುವ ಹಳೇ ದೀಪ, ಹಳೇ ಮೋಟಾರುಗಳನ್ನೆಲ್ಲ ಕಿತ್ತೆಸೆಯುವ ಒಂದೇ ದೊಡ್ಡ ಗುತ್ತಿಗೆ. ಯಾವ ಕಂಪನಿಗೆ ಯೋಗ್ಯತೆ ಇದೆ, ಯಾವುದಕ್ಕಿಲ್ಲ ಎಂದು ಬರೆಯುವವನು ಈ ಎಂಜಿನಿಯರ್. ಕಂಪನಿಯವರು ಆ ಬೆಳಿಗ್ಗೆ ತಾರಸಿ ಹತ್ತಿ, ಜಾಗ ನೋಡಿದ್ದೇವೆಂದು ಸಹಿ ಹಾಕಲೇಬೇಕಿತ್ತು. ಇಬ್ಬರು ಒಬ್ಬೊಬ್ಬರಾಗಿ ಹತ್ತಿ ಇಳಿದಿದ್ದರು. ಒಬ್ಬ ಸಣ್ಣ ಕಂಪನಿಯ ಮುದುಕ, ಎಲ್ಲರೂ ಅವನನ್ನು ಕರೆಯುವುದೇ 'ಕನ್ನಡಕ' ಎಂದು. ಇನ್ನೊಬ್ಬ ಊರಿನ ಅಧ್ಯಕ್ಷರ ಭಾವಮೈದ, ದೊರೆ.

ಪೊಲೀಸ್ ಸಾಹೇಬ ಇಬ್ಬರನ್ನೂ ಮುಟ್ಟಲಿಲ್ಲ. ಹಿಡಿದದ್ದು ಮೂರನೆಯವನನ್ನು — ಆಸ್ಪತ್ರೆಯ ಜನರೇಟರ್ ನಡೆಸುವ ಡೀಸೆಲಣ್ಣನನ್ನು. ಇಡೀ ಆಸ್ಪತ್ರೆಗೆ ಸೋಲಾರ್ ಬಂದರೆ ಅವನ ಕೆಲಸ ಹೋಗುತ್ತದೆ. ಹಿಂದಿನ ವಾರ ಎಲ್ಲರೆದುರು, "ನನ್ನ ಹೊಟ್ಟೆ ಮೇಲೆ ಹೊಡೆದ್ರೆ ನಿನ್ನ ತಲೆ ಮೇಲೆ ಹೊಡೀತೀನಿ" ಎಂದು ಎಂಜಿನಿಯರ್‌ಗೆ ಕೂಗಿದ್ದ. ಅಷ್ಟು ಸಾಕಾಯಿತು. ಬಡವನ ಬಾಯಿಂದ ಬಂದದ್ದೆಲ್ಲ ತಪ್ಪೊಪ್ಪಿಗೆಯೇ.

ಹೆಣವೂ ವೈರೂ ಒಟ್ಟಿಗೆ ಬಿದ್ದಲ್ಲಿ ವಿದ್ಯುತ್ ಇಲಾಖೆಯ ತಪಾಸಣೆಯವರು ವರದಿ ಬರೆಯಬೇಕೆಂಬುದು ನಿಯಮ. ಹಾಗಾಗಿ ಕರೆಂಟಕ್ಕ ಬಂದಳು. ಐವತ್ತರ ಹೆಂಗಸು, ಕಾಲಲ್ಲಿ ರಬ್ಬರ್ ಬೂಟು. ತಾರಸಿಯಲ್ಲಿ ಮೂರು ವಸ್ತು ನೋಡಿದಳು. ಹೆಣದ ಅಂಗೈ — ಒಂದು ಬೊಬ್ಬೆಯೂ ಇಲ್ಲ. ತುಂಡಾದ ವೈರು — ತುದಿಯ ತಾಮ್ರ ಕರಗಿ ಮಣಿಗಟ್ಟಿದೆ. ನೀರಿನ ಟ್ಯಾಂಕಿನ ಕೆಳಗೆ ಮಡಚಿಟ್ಟ ಕಪ್ಪು ಟಾರ್ಪಾಲು — ಮೇಲೆ ಧೂಳು.

ಠಾಣೆಯ ಬಾಗಿಲಲ್ಲಿ ಡೀಸೆಲಣ್ಣನ ಹೆಂಡತಿ ನಿಂತಿದ್ದಳು. ಒಳಗಿನಿಂದ ಕೂಗು ಕೇಳುತ್ತಿತ್ತು.

"ಅಕ್ಕಾ, ಮೊದಲು ಕೂಗ್ತಿದ್ರು, ಆಮೇಲೆ ನಿಂತೋಯ್ತು, ಈಗ ಮತ್ತೆ... ಜೀವ ಇದೆ ಅಲ್ವಾ?"

ಕರೆಂಟಕ್ಕ ಬಾಗಿಲು ತಳ್ಳಿದಳು. ಡೀಸೆಲಣ್ಣ ಗೋಡೆಗೊರಗಿ ಕೂತಿದ್ದ. ತುಟಿ ಸೀಳಿತ್ತು. ಮುಂದೆ ನೆಲದ ಮೇಲೆ ಎರಡು ಹಲ್ಲು, ಒಂದು ಖಾಲಿ ಕಾಗದ.

"ಕೈ ತೋರ್ಸು ತಮ್ಮಾ."

ತೋರಿಸಿದ. ಎರಡೂ ಅಂಗೈ ಒಡೆದು, ಚರ್ಮ ಕಿತ್ತು, ಮಾಂಸ ಕಾಣುತ್ತಿತ್ತು.

"ಅಂಗೈಗೇ ಯಾಕೆ ಹೊಡೆದ್ರಿ ಸಾಹೇಬ್ರೇ?"

"ಸಹಿ ಹಾಕೋ ಅಂದ್ರೆ ಕೈ ಕಟ್ಕೊಂಡು ಕೂತಿದ್ದ. ಬಿಡಿಸ್ದೆ."

"ಸಾಕ್ಷಿ ಇದ್ದದ್ದೇ ಅಲ್ಲಿ! ಕೊಂದವನ ಕೈ ಸುಟ್ಟಿದೆ. ಇವನದು ಸುಟ್ಟಿಲ್ಲ ಅಂತ ಈಗ ಯಾವ ಡಾಕ್ಟರು ಬರೆದುಕೊಡ್ತಾನೆ?"

"ನಿಮ್ಮ ವೈರು ನೋಡ್ಕೊಳಿ ಅಮ್ಮಾ," ಸಾಹೇಬ ನಕ್ಕ. "ಸಂಜೆಯೊಳಗೆ ಇವನು ಸಹಿ ಹಾಕ್ತಾನೆ. ಇಲ್ಲಾಂದ್ರೆ ಇವನ ಹೆಂಡ್ತಿ ಹಾಕ್ತಾಳೆ, ಹೆಣ ತಗೊಂಡು ಹೋಗೋ ಕಾಗದಕ್ಕೆ."

ಅವಳು ಡೀಸೆಲಣ್ಣನ ಎದುರು ಕುಕ್ಕರುಗಾಲಲ್ಲಿ ಕೂತಳು. "ಆ ಹಲಗೆ ವೈರು ಬಿಚ್ಚೋದಾದ್ರೆ ಮೊದಲು ಏನ್ ಮಾಡ್ತೀಯಾ?"

"ಟಾರ್ಪಾಲ್ ಹೊದಿಸ್ತೀನಿ ಅಕ್ಕ," ಅವನು ರಕ್ತ ಉಗುಳಿದ. "ಒಂದ್ಸಲ ಹೊದಿಸ್ದೆ ಮುಟ್ಟಿ ಪಲ್ಟಿ ಹೊಡೆದಿದ್ದೆ. ಸತ್ತವನೇ ಹೇಳಿಕೊಟ್ಟಿದ್ದು ಅದನ್ನ. ಜಗಳ ಆಡಿದ್ದು ನಿಜ. ಕೊಲ್ಲಲಿಲ್ಲ."

ಮೂರಕ್ಕೆ ಹತ್ತು ನಿಮಿಷ. ಊರಾಡಳಿತದ ಸಭಾಂಗಣ. ಉದ್ದ ಮೇಜು, ಅರಗಿನ ಮುದ್ರೆಯ ಲಕೋಟೆಗಳು, ಒಂದು ಖಾಲಿ ಕುರ್ಚಿ. ಅಧ್ಯಕ್ಷರು ಎರಡು ನಿಮಿಷ ಮೌನ ಆಚರಿಸಿ, ಎಂಜಿನಿಯರ್ ಇಲ್ಲದೆಯೇ ಲಕೋಟೆ ಒಡೆಯುತ್ತೇವೆ ಎಂದರು. ಕರೆಂಟಕ್ಕ ಒಳಗೆ ಬಂದಳು, ಹಿಂದೆ, ಅವಳ ವರದಿಯಿಲ್ಲದೆ ಕೇಸು ಮುಗಿಯದೆಂದು ಮುಖ ಗಂಟಿಕ್ಕಿಕೊಂಡೇ ಬಂದ ಸಾಹೇಬ, ಇಬ್ಬರು ಪೇದೆಗಳು.

"ವರದಿಗೆ ಒಂದು ಮಾತು ಬೇಕು, ಕೇಳಿ ಹೋಗ್ತೀನಿ. ತಾತ, ಹಾಡಹಗಲಲ್ಲಿ ಹಲಗೆಯ ವೈರು ಕತ್ತರಿಸಬೇಕು. ಹೇಗೆ?"

ಮುದುಕ ಕನ್ನಡಕ ಒರೆಸಿಕೊಂಡ. "ಹಲಗೆ ಮುಚ್ಚಿ. ರಬ್ಬರ್ ಗ್ಲೌಸ್ ಹಾಕ್ಕೊಂಡು. ಒಂದೊಂದೇ ವೈರು. ಇದೇನಮ್ಮ, ಪರೀಕ್ಷೆನಾ?"

"ದೊರೆಗಳೇ, ನೀವು?"

ದೊರೆ ಎಡಗೈಯಲ್ಲಿ ನೀರಿನ ಲೋಟ ಹಿಡಿದಿದ್ದ. ಬಲಗೈ ಕೋಟಿನ ಜೇಬಲ್ಲಿ. "ನಲವತ್ತು ಕಟ್ಟಡ ಮಾಡಿದ್ದೀನಿ ಕಣಮ್ಮ, ನನಗೆ ಪಾಠನಾ? ಮೇನ್ ಆಫ್ ಮಾಡು, ಕತ್ತರಿಸು. ಮುಗೀತು."

ಕನ್ನಡಕ ಫಕ್ಕನೆ ನಕ್ಕ. ಬೇರೆ ಯಾರೂ ನಗಲಿಲ್ಲ.

"ಯಾಕೆ ನಕ್ರಿ ತಾತ?"

"ಮೇನ್ ಆಫ್ ಮಾಡಿದ್ರೆ ವಾರ್ಡಿನ ಫ್ಯಾನು ನಿಲ್ಲತ್ತೆ. ಹಲಗೆ ಮೇಲೆ ಸೂರ್ಯ ಇರೋ ತನಕ ಹಲಗೆಯಿಂದ ಬರೋ ವೈರಲ್ಲಿ ಕರೆಂಟು ಇದ್ದೇ ಇರತ್ತೆ. ಎರಡೂ ಒಟ್ಟಿಗೆ ಕತ್ತರಿಸಿದ್ರೆ ಕೈಯಲ್ಲೇ ಸಿಡಿಲು. ಒಂದು ತಾರಸಿ ಮಾಡಿದವನಿಗೂ ಗೊತ್ತಿರತ್ತೆ."

"ನಲವತ್ತು ಮಾಡಿದವರಿಗೆ ಗೊತ್ತಿಲ್ಲ," ಕರೆಂಟಕ್ಕ ಎಂದಳು. "ಯಾಕಂದ್ರೆ ನಲವತ್ತೂ ಸುಳ್ಳು. ನೀವು ಅರ್ಜಿಯಲ್ಲಿ ಬರೆದ ಒಂದೊಂದು ಕಟ್ಟಡದ ಊರಿಗೂ ಎಂಜಿನಿಯರ್ ಬೆಳಿಗ್ಗೆ ಫೋನ್ ಮಾಡಿದ್ದಾನೆ. ಪಟ್ಟಿ ಅವನ ಕಡತದಲ್ಲಿದೆ, ಈಗಷ್ಟೇ ನೋಡಿ ಬಂದೆ. 'ಹಲಗೆ ಇಲ್ಲ', 'ಹಲಗೆ ಇಲ್ಲ', 'ಕಟ್ಟಡವೇ ಇಲ್ಲ' — ಕೆಂಪಕ್ಷರದಲ್ಲಿ. ತಾರಸಿಯಲ್ಲಿ ನಿಮ್ಮ ಮುಖಕ್ಕೇ ಹೇಳಿರ್ತಾನೆ. ನೀವು ಕಂಬಿ ಎತ್ತಿಕೊಂಡ್ರಿ."

"ಬಾಯಿ ಮುಚ್ಚೇ!"

"ಆಮೇಲೆ ಹೆದರಿದ್ರಿ. ಶಾಕ್ ಹೊಡೆದು ಬಿದ್ದ ಅನ್ನಿಸೋಣ ಅಂತ ಯೋಚನೆ ಬಂತು. ಬುದ್ಧಿವಂತರಲ್ವಾ? ಮೇನ್ ಆಫ್ ಮಾಡಿದ್ರಿ, ಎರಡೂ ವೈರನ್ನ ಇಕ್ಕಳದ ಒಂದೇ ಕಚ್ಚಿಗೆ ಕತ್ತರಿಸಿದ್ರಿ — ಹೆಣದ ಕೈಗೆ ಕೊಡೋಕೆ. ತಾಮ್ರ ಕರಗಿ ಹಾರ್ತು. ಹೆಣದ ಕೈ ಹಾಗೇ ಉಳೀತು. ನಿಮ್ಮದು ಉಳೀಲಿಲ್ಲ. ಡೀಸೆಲಣ್ಣ ಆಗಿದ್ರೆ ಟಾರ್ಪಾಲ್ ಹೊದಿಸ್ತಿದ್ದ. ಅದರ ಮೇಲಿನ ಧೂಳೂ ಅಲುಗಿಲ್ಲ. ಜೇಬಿಂದ ಕೈ ತೆಗೀರಿ."

ದೊರೆ ಲೋಟವನ್ನು ಮೇಜಿಗೆ ಕುಟ್ಟಿ ಒಡೆದ. ಗಾಜಿನ ಚೂರು ಹಿಡಿದು ಅವಳ ಕುತ್ತಿಗೆಗೆ ಹಾರಿದ. ಚೂರು ಅವಳ ಕೆನ್ನೆ ಸೀಳಿತು. ಅವಳು ಹಿಂದೆ ಸರಿಯಲಿಲ್ಲ. ಜೇಬಿನೊಳಗಿನ ಆ ಬಲಗೈಯನ್ನು ಕೋಟಿನ ಸಮೇತ ಹಿಡಿದು, ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿದಳು. ದೊರೆ ಹಂದಿಯಂತೆ ಅರಚಿ ಮಂಡಿಯೂರಿದ. ಪೇದೆಗಳು ಕೈ ಎಳೆದು ತೆಗೆದರು. ಮುಲಾಮಿನಡಿ ಅಂಗೈ ಕಮರಿತ್ತು. ಹೆಬ್ಬೆರಳ ಬುಡದಲ್ಲಿ ತಾಮ್ರದ ಹನಿಯೊಂದು ಚರ್ಮಕ್ಕೆ ಅಂಟಿ ಹೊಳೆಯುತ್ತಿತ್ತು.

ಅಧ್ಯಕ್ಷರು ಲಕೋಟೆಗಳ ಕಡೆಗೇ ನೋಡುತ್ತಿದ್ದರು.

ನಾಲ್ಕೂವರೆಗೆ ಠಾಣೆಯಲ್ಲಿ ಡೀಸೆಲಣ್ಣನನ್ನು ಬೆಂಚಿಗೆ ಕೂರಿಸಿದರು. ಹೆಂಡತಿ ಸೆರಗಿನ ತುದಿ ಹರಿದು ಅವನ ಕೈಗೆ ಸುತ್ತುತ್ತಿದ್ದಳು.

"ಬಿಟ್ಟಿದ್ದೀವಲ್ಲ, ಕರ್ಕೊಂಡು ಹೋಗಮ್ಮ," ಸಾಹೇಬ ಗದರಿದ.

"ತಡೀರಿ," ಕರೆಂಟಕ್ಕ ಎಂದಳು. ಕೆನ್ನೆಯ ರಕ್ತ ಅವಳ ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು. "ಕೊಂದವನ ಹೆಸರು ಬರೆದಾಯ್ತು. ಸಾಕ್ಷಿ ನಾಶ ಮಾಡಿದವನೊಬ್ಬ ಉಳಿದಿದ್ದಾನೆ. ತಮ್ಮಾ, ನಿನ್ನ ಕೈಗೆ ಹೊಡೆದದ್ದು ಯಾರು? ತೋರ್ಸು."

ಡೀಸೆಲಣ್ಣ ಬೆರಳು ಚಾಚಲು ನೋಡಿದ. ಆಗಲಿಲ್ಲ. ಮಡಚಲೂ ಬಾರದ, ಬಿಡಿಸಲೂ ಬಾರದ ಆ ಇಡೀ ಕೈಯನ್ನೇ ಎತ್ತಿ, ಸಾಹೇಬನ ಮುಖಕ್ಕೆ ನೇರವಾಗಿ ಹಿಡಿದ.