ನಾಲ್ಕನೇ ಗಾಜಿನ ತುಂಡು

"ನಿಮ್ಮ ಗಾಜು ಸುಳ್ಳು ಹೇಳ್ತಿದೆ ಮೇಡಂ."

ನಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತು ಹೀಗಂದವನು ಪಕ್ಕದ ಡಿಟೆಕ್ಟರ್ ಲ್ಯಾಬಿನವನು. ಟೀ ಹೊತ್ತೊಂದು ಬಿಟ್ಟು ಇಡೀ ದಿನ ಕತ್ತಲೆ ಕೋಣೆಯಲ್ಲೇ ಇರುತ್ತಾನೆಂದು ಅವನಿಗೆ 'ಗೂಬೆ' ಅಂತ ಹೆಸರಿಟ್ಟವಳು ನಾನೇ.

ಎರಡು ವರ್ಷ ಕುಲುಮೆಯ ಮುಂದೆ ಬೆವರಿ ಮಾಡಿದ ಗಾಜು ನನ್ನದು. ವಿಕಿರಣದ ಕಣವೊಂದು ಬಡಿದರೆ ಅದರೊಳಗೆ ಪುಟ್ಟ ಬೆಳಕು ಮಿಂಚಬೇಕು, ಇವನ ಯಂತ್ರ ಅದನ್ನು ಎಣಿಸಬೇಕು. ಕೊಟ್ಟ ನಾಲ್ಕು ತುಂಡುಗಳಲ್ಲಿ ಮೂರು ಸರಿ. ನಾಲ್ಕನೆಯದು ಮಾತ್ರ ಏನೂ ಬಡಿಯದೆಯೇ ಮಿಂಚುತ್ತಿದೆಯಂತೆ.

"ನಿಮ್ಮ ಯಂತ್ರಕ್ಕೇ ತಲೆ ಕೆಟ್ಟಿರಬೇಕು," ಅಂದೆ. ಮೈಯೆಲ್ಲ ಉರಿಯುತ್ತಿತ್ತು. ಶುಕ್ರವಾರ ನನ್ನ ಸೆಮಿನಾರು. ಗಾಜಿನ ರಚನೆಯಲ್ಲೇ ದೋಷ ಅಂತಾದರೆ ಎರಡು ವರ್ಷದ ಕೆಲಸ ಮಣ್ಣುಪಾಲು.

"ಹಾಗಾದ್ರೆ ಬನ್ನಿ, ಇಬ್ಬರೂ ಸೇರಿ ನೋಡೋಣ." ಪುಣ್ಯಾತ್ಮನಿಗೆ ಕೋಪವೇ ಬರಲಿಲ್ಲ.

ಮೂರು ದಿನ ಅವನ ಕತ್ತಲೆ ಕೋಣೆಯಲ್ಲಿ ಕೂತೆವು. ಮುಖ ಕಾಣದಿದ್ದರೆ ಮಾತು ಸಲೀಸು.

"ಈಗ ನಗ್ತಿದ್ದೀರಾ?" ಅವನ ಪ್ರಶ್ನೆ.

"ಇಲ್ಲಪ್ಪ."

"ಸುಳ್ಳು. ಉಸಿರಲ್ಲೇ ಗೊತ್ತಾಗುತ್ತೆ."

ಮಿಂಚು ದಿನೇ ದಿನೇ ಕಡಿಮೆಯಾಗುತ್ತಿತ್ತು. ಯಾಕೆ? ಆ ಪ್ರಶ್ನೆ ಹಿಡಿದು ಕೂತರೆ ಇಬ್ಬರಿಗೂ ಊಟದ ನೆನಪಿರುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ನನಗೆ ಥಟ್ಟನೆ ಹೊಳೆಯಿತು. ನಿಜ ಹೇಳಿದರೆ ಗಾಜಿನ ಮಾನ ಉಳಿಯುತ್ತದೆ, ನನ್ನದು ಹೋಗುತ್ತದೆ. ಆಮೇಲೆ ಈ ಕತ್ತಲೆಯ ಹರಟೆಯೂ ಮುಗಿದಂತೆ. ತಲೆನೋವೆಂದು ನೆಪ ಹೇಳಿ ಎದ್ದು ಬಂದೆ.

ಸೆಮಿನಾರಿನಲ್ಲಿ ಅರ್ಧ ಉತ್ತರ ಕೊಟ್ಟು ಪಾರಾಗಲು ನೋಡಿದೆ. "ನಾಲ್ಕನೇ ತುಂಡು ಬಿಸಿಲಲ್ಲಿತ್ತು. ಹೀರಿಕೊಂಡ ಬೆಳಕನ್ನ ಕತ್ತಲಲ್ಲಿ ನಿಧಾನಕ್ಕೆ ಬಿಡ್ತಿತ್ತು, ಅಷ್ಟೇ. ಗಾಜಲ್ಲಿ ದೋಷ ಇಲ್ಲ."

ಗೂಬೆ ಎದ್ದು ನಿಂತ. ಮುಖದ ತುಂಬ ಕುತೂಹಲ. "ಉಳಿದ ಮೂರು ಡ್ರಾಯರಲ್ಲಿತ್ತಲ್ಲ. ಇದೊಂದೇ ಯಾಕೆ ಬಿಸಿಲಲ್ಲಿ?"

"ಅದು... ಅಷ್ಟು ಮುಖ್ಯ ಅಲ್ಲ."

ನಮ್ಮ ಗೈಡ್ ಕನ್ನಡಕ ಸರಿಸಿದರು. ಕಾರಣ ಹೇಳದೆ ಒಂದೇ ಒಂದು ಅಳತೆಯನ್ನು ಕೈಬಿಟ್ಟರೂ ಅವರು ಒಪ್ಪುವವರಲ್ಲ. "ಹೇಳಮ್ಮ. ಇಲ್ಲದಿದ್ರೆ ದೋಷ ಅಂತಲೇ ಬರ್ಕೊಳ್ಳೋಣ."

ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. "ದಿನಾ ಹನ್ನೊಂದು ಗಂಟೆಗೆ ಇವರು ನಮ್ಮ ಕಿಟಕಿ ಕೆಳಗಿಂದ ಟೀ ಕುಡಿಯೋಕೆ ಹೋಗ್ತಾರೆ ಸರ್. ಗಾಜಲ್ಲಿ ಗುಳ್ಳೆ ಹುಡುಕೋ ನೆಪದಲ್ಲಿ ನಾನು ಇವರನ್ನ ನೋಡ್ತಿದ್ದೆ. ಆ ತುಂಡು ಕಿಟಕಿಯಲ್ಲೇ ಉಳ್ಕೋತಿತ್ತು."

ಹಾಲ್ ಗೊಳ್ಳೆಂದಿತು. ಅವನೊಬ್ಬ ನಗಲಿಲ್ಲ. ಕಿವಿ ಕೆಂಪಗಾಗಿತ್ತು.

"ಎಷ್ಟು ದಿನದಿಂದ?"

"ಮೂರು ತಿಂಗಳಿಂದ."

ಅವನು ಗೈಡ್ ಕಡೆ ತಿರುಗಿದ. "ಸರ್, ಇದನ್ನೂ ಬರ್ಕೊಳ್ಳಿ. ನನಗೆ ಟೀ ಸೇರೋದೇ ಇಲ್ಲ. ಆ ಕಿಟಕಿ ದಾಟೋಕೆ ಅಂತಲೇ ಹೋಗ್ತಿದ್ದೆ. ತಲೆ ಎತ್ತಿ ನೋಡೋಕೆ ಧೈರ್ಯ ಸಾಲ್ತಿರಲಿಲ್ಲ."