ಮಲ್ಲಿಕಾಂಬ ಸತ್ತಿಲ್ಲವೆಂಬ ದೂರು

2025ರ ಜೂನ್ 16, ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ತರೀಕೆರೆ ಠಾಣೆಗೆ ಒಬ್ಬ ಹೆಂಗಸಿನ ಸಾವಿನ ಬಗ್ಗೆ ದೂರು ಬಂತು. ಸತ್ತಿದ್ದ ಹೆಂಗಸು ದೂರುದಾರರ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು.

ಸಬ್ ಇನ್‌ಸ್ಪೆಕ್ಟರ್ ಶಿರೀನ್ ತಾಜ್ ಅರ್ಜಿಯನ್ನು ಎರಡು ಸಲ ಓದಿದಳು. ದೂರುದಾರರು ಅಮೃತಾಪುರದ ನಿವೃತ್ತ ಹವಾಲ್ದಾರ್ ರುದ್ರಮೂರ್ತಿ. ಪಕ್ಕದಲ್ಲಿದ್ದವರು ಅವರ ಹೆಂಡತಿ ಮಲ್ಲಿಕಾಂಬ.

"ಇವಳ ಎದೇಲಿ ಗಂಟು ಮೇಡಂ. ತಿಂಗಳೊಳಗೆ ಆಪರೇಷನ್ ಆಗ್ಬೇಕು ಅಂದ್ರು ಡಾಕ್ಟ್ರು. ಮಾಜಿ ಸೈನಿಕರ ಪಾಲಿಕ್ಲಿನಿಕ್‌ಗೆ ಚೀಟಿ ಬರೆಸ್ಕೊಳ್ಳಕ್ಕೆ ಹೋದ್ವಿ. ಕಂಪ್ಯೂಟರ್ ನೋಡಿ, ನಿಮ್ಮ ಹೆಂಡ್ತಿ ಮಾರ್ಚ್ ಹದಿನಾಲ್ಕಕ್ಕೇ ತೀರ್ಕೊಂಡಿದಾರಲ್ಲ ಅಂದ್ಬಿಟ್ರು."

"ಎಲ್ಲಿ ತೀರಿಕೊಂಡದ್ದು?"

"ಶಿವಮೊಗ್ಗದ ಖಾಸಗಿ ಆಸ್ಪತ್ರೇಲಂತೆ. ನಾಲ್ಕು ತಿಂಗಳು ಚಿಕಿತ್ಸೆ, ಎಲ್ಲಾ ಇವಳ ಮಾಜಿ ಸೈನಿಕರ ಚಿಕಿತ್ಸೆ ಕಾರ್ಡಿನ ಮೇಲೆ."

"ಕಾರ್ಡ್ ಎಲ್ಲಿದೆ?"

"ಹೊಸ ಕಾರ್ಡಿಗೆ ಅರ್ಜಿ ಹಾಕ್ಸಿ ವರ್ಷ ಆಯ್ತು. ಅಂಚೇಲಿ ಬರುತ್ತೆ ಅಂತಿದ್ರು, ಬರ್ಲಿಲ್ಲ. ಇವಳು ಒಂದಿನ ಮಾತ್ರೆ ನುಂಗಿದೋಳಲ್ಲ. ನಾನೂ ವಿಚಾರಿಸ್ಲಿಲ್ಲ."

"ಸರ್ಕಾರಿ ಆಸ್ಪತ್ರೆ?"

"ಅಲ್ಲೂ ಆಧಾರ್ ಕೇಳ್ತಾರೆ. ಹಾಕಿದ್ರೆ ಮರಣ ಅಂತಲೇ ಬರುತ್ತೆ."

ಮಲ್ಲಿಕಾಂಬ ಮೊದಲ ಸಲ ಬಾಯಿಬಿಟ್ಟರು. "ನಾನು ಬದುಕಿದೀನಿ ಅಂತ ಒಂದು ಚೀಟಿ ಬರ್ಕೊಡಿ ತಾಯಿ. ಆ ಚೀಟಿ ಎಲ್ಲಿ ಸಿಗುತ್ತೆ ಅಂತ ಯಾರ್ಗೂ ಗೊತ್ತಿಲ್ಲ."

ಹೆಡ್ ಕಾನ್‌ಸ್ಟೇಬಲ್ ಲಕ್ಕಣ್ಣ ಫ್ಯಾನನ್ನು ಆಕೆಯ ಕಡೆಗೆ ತಿರುಗಿಸಿದರು. ಹನ್ನೊಂದೂಮುಕ್ಕಾಲಿಗೆ ವಂಚನೆ, ಸೋಗು ಹಾಕುವಿಕೆ ಮತ್ತು ನಕಲಿ ದಾಖಲೆ ಸೃಷ್ಟಿಯ ಕಲಂಗಳ ಕೆಳಗೆ ಎಫ್‌ಐಆರ್ ದಾಖಲಾಯಿತು.

ಮಾರನೆಯ ದಿನ ಲಕ್ಕಣ್ಣ ಅಂಚೆ ಕಚೇರಿಯ ಪುಸ್ತಕ ತಿರುವಿಹಾಕಿ ಬಂದರು. "ಅಮೃತಾಪುರದ ವಿಳಾಸಕ್ಕೆ ಅಂಥ ಲಕೋಟೆ ಬಂದೇ ಇಲ್ಲ ಮೇಡಂ. ಅರ್ಜಿ ತುಂಬಿದೋನು ಯಾರೋ ಬೇರೆ ವಿಳಾಸ ಕೊಟ್ಟಿದಾನೆ."

ಬುಧವಾರ ಇಬ್ಬರೂ ಶಿವಮೊಗ್ಗಕ್ಕೆ ಹೋದರು. ಆಸ್ಪತ್ರೆಯ ಕಡತದಲ್ಲಿದ್ದ ಕಾರ್ಡಿನ ಜೆರಾಕ್ಸಿನಲ್ಲಿ ಮುಖದ ಜಾಗ ಮಸಿಯ ಮುದ್ದೆಯಾಗಿತ್ತು. ಕ್ಯಾಮರಾದ ದೃಶ್ಯಗಳು ತಿಂಗಳಿಗೊಮ್ಮೆ ಅಳಿಸಿಹೋಗುತ್ತಿದ್ದವು. ನೆನಪು ಉಳಿದದ್ದು ನರ್ಸ್ ಅಕ್ಷತಾಗೆ ಮಾತ್ರ.

"ಹೆಸರು ಹಿಡಿದು ಕೂಗಿದ್ರೆ ಆಯಮ್ಮ ತಿರುಗ್ತಾನೇ ಇರ್ಲಿಲ್ಲ. ಕಿವಿ ಮಂದ ಅಂದ್ಕೊಂಡಿದ್ವಿ."

"ಗಂಡ?"

"ಅಂಥ ಗಂಡಸನ್ನ ನಾನು ನೋಡಿಲ್ಲ ಮೇಡಂ. ಬೆಳಿಗ್ಗೆ ಎದ್ದು ಇಡೀ ವಾರ್ಡಿಗೆ ಬಿಸಿನೀರು ತರೋರು. ಹೆಂಡ್ತಿ ಕೂದಲು ತಾವೇ ಬಾಚೋರು. ಕೂದಲೆಲ್ಲ ಉದುರಿದ ಮೇಲೂ ಬಾಚಣಿಗೆ ದಿಂಬಿನ ಕೆಳಗೇ ಇಟ್ಟಿದ್ರು. ಕೊನೇ ಮೂರು ರಾತ್ರಿ ಆಯಮ್ಮನ ನರಳಾಟಕ್ಕೆ ವಾರ್ಡಲ್ಲಿ ಯಾರೂ ನಿದ್ದೆ ಮಾಡ್ಲಿಲ್ಲ."

ಶವ ಹಸ್ತಾಂತರದ ಪುಸ್ತಕದಲ್ಲಿ ಮಾರ್ಚ್ 14, ಬೆಳಿಗ್ಗೆ 6.50ರ ನಮೂದಿತ್ತು. ಸಹಿಯ ಜಾಗದಲ್ಲಿ ಮೊದಲು ಒಂದು ಉದ್ದನೆಯ ಸಂಖ್ಯೆ, ಆಮೇಲೆ ರುದ್ರಮೂರ್ತಿ ಎಂಬ ಹೆಸರು. ಆ ಪುಟದಲ್ಲಿ ಬೇರೆ ಯಾರೂ ಸಂಖ್ಯೆ ಬರೆದಿರಲಿಲ್ಲ. ಪಂಚರ ಸಮಕ್ಷಮ ಪುಸ್ತಕವನ್ನು ವಶಕ್ಕೆ ಪಡೆದು ಪಂಚನಾಮೆ ಬರೆದರು.

ಗುರುವಾರ ಠಾಣೆಗೆ ಬಂದ ರುದ್ರಮೂರ್ತಿಗೆ ಶಿರೀನ್ ಆ ಪುಟ ತೋರಿಸಿದಳು.

"ಇದು ಏನು?"

"ಸೈನ್ಯದ ನಂಬರು. ನಮ್ಮಲ್ಲಿ ಮೊದಲು ನಂಬರು, ಆಮೇಲೇ ಹೆಸರು. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹಂಗೇ ಹೇಳ್ತೀವಿ."

"ನಿಮ್ಮದಾ?"

ಅವರು ಬೆರಳನ್ನು ಸಂಖ್ಯೆಯ ಕೊನೆಯವರೆಗೆ ಒಯ್ದು ಅಲ್ಲೇ ನಿಲ್ಲಿಸಿದರು. "ನನ್ನದಲ್ಲ."

"ಯಾರದು?"

"ಗೊತ್ತಿಲ್ಲ."

ಅವರು ಹೋದ ಮೇಲೆ ಲಕ್ಕಣ್ಣ ಅಂದರು, "ಗೊತ್ತು ಮೇಡಂ. ಆವಯ್ಯ ನೀರಿನ ಲೋಟ ಹಿಡ್ಕೊಂಡವರು ಕುಡಿಯೋದನ್ನೇ ಮರೆತುಬಿಟ್ರು."

ಶಿರೀನ್‌ಗೂ ಅದು ಕಂಡಿತ್ತು. ಸಂಖ್ಯೆ ಯಾರದೆಂದು ಕೇಳಿ ಸೈನ್ಯದ ದಾಖಲೆ ಕಚೇರಿಗೆ ಪತ್ರ ಬರೆದಳು. ಉತ್ತರಕ್ಕೆ ಕಾಯುವಷ್ಟು ದಿನ ಮಲ್ಲಿಕಾಂಬರ ಬಳಿ ಇರಲಿಲ್ಲ. ಹಸ್ತಾಂತರದ ಪುಸ್ತಕದ ಪ್ರಕಾರ ಶವ ಸಾಗಿಸಿದ ಆಂಬ್ಯುಲೆನ್ಸ್ ಕಡೂರಿನದು. ಶನಿವಾರ ಮಧ್ಯಾಹ್ನ ಅದರ ಚಾಲಕ ದಾವೂದ್ ಸಾಬ್ ಕಡೂರು ಬಸ್ ನಿಲ್ದಾಣದ ಹಿಂದೆ ಸಿಕ್ಕಿದ.

"ಎಲ್ಲಿಗೆ ಬಿಟ್ಟೆ?"

"ಅಜ್ಜಂಪುರಕ್ಕೆ, ಅಮ್ಮಾ. ಊರು ಹತ್ರ ಬಂದಾಗ ಸೈರನ್ ನಿಲ್ಸಪ್ಪಾ, ಮಕ್ಕಳಿಗೆ ಪರೀಕ್ಷೆ ಅಂದ್ರು. ದಾರೀಲಿ ನನಗೆ ಟೀ ಕೊಡಿಸಿದ್ರು. ತಾವು ಕುಡೀಲಿಲ್ಲ. ಈ ಕೆಲಸದಲ್ಲಿ ನಮಗೆ ಯಾರು ಟೀ ಕೊಡಿಸ್ತಾರೆ ಹೇಳಿ."

"ಮನೆ ತೋರಿಸ್ತೀಯಾ?"

"ಮನೆ ಮುಂದೆ ಬೋರ್ಡಿತ್ತು. ಮಾಜಿ ಸೈನಿಕರ ಅರ್ಜಿ ತುಂಬಿಕೊಡಲಾಗುವುದು ಅಂತ."

ಆ ಸಂಜೆಯೇ ಶಿರೀನ್ ಅಮೃತಾಪುರಕ್ಕೆ ಹೋದಳು. ಮಲ್ಲಿಕಾಂಬ ಅವಲಕ್ಕಿ ಕಲಸಿ ತಂದಿಟ್ಟರು. ಬಲಗೈಯಲ್ಲೇ ಎಲ್ಲ ಮಾಡುತ್ತಿದ್ದರು, ಎಡಗೈ ಎತ್ತುತ್ತಿರಲಿಲ್ಲ.

"ಅಜ್ಜಂಪುರದಲ್ಲಿ ಯಾರಿದಾರೆ, ರುದ್ರಮೂರ್ತಿಗಳೇ?"

ರುದ್ರಮೂರ್ತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಮಾತು ಹೆಂಡತಿಯಿಂದ ಬಂತು. "ಹೇಳ್ರಿ. ನನಗೂ ಗೊತ್ತಾಗಲಿ."

"ರೇಣುಕಪ್ರಸಾದ್. ನಮ್ಮ ಅರ್ಜಿ ಹಾಕಿದ್ದೂ ಅವನೇ. ಇಬ್ಬರೂ ಒಂದೇ ದಿನ ಭರ್ತಿಯಾದೋರು, ಅವನ ನಂಬರು ನನ್ನದಕ್ಕಿಂತ ಒಂದು ಹೆಚ್ಚು. ಮಂಜಿನಲ್ಲಿ ನನ್ನ ಕಾಲು ಮರಗಟ್ಟಿದಾಗ ತನ್ನ ಹೊಟ್ಟೆಗೆ ಒತ್ತಿಟ್ಕೊಂಡು ಕೂತಿದ್ದ. ಮಾರ್ಚಲ್ಲಿ ಅವನ ಹೆಂಡ್ತಿ ಗುರುಶಾಂತಮ್ಮ ಹೋದ್ಲು. ಮಣ್ಣಿಗೆ ನಾವಿಬ್ರೂ ಹೋಗಿದ್ವಿ."

ಅವಲಕ್ಕಿಗೆ ಯಾರೂ ಕೈ ಚಾಚಲಿಲ್ಲ. ಗಂಡ ಇದನ್ನು ಎರಡು ದಿನ ಮುಚ್ಚಿಟ್ಟದ್ದಕ್ಕೆ ಬೈಯದೆ, ಮಲ್ಲಿಕಾಂಬ ಬಲಗೈಯಲ್ಲೇ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಜೂನ್ 23, ಸೋಮವಾರ, ಹನ್ನೊಂದು ಹತ್ತಕ್ಕೆ ಜೀಪು ಅಜ್ಜಂಪುರದ ಆ ಬೋರ್ಡಿನ ಮುಂದೆ ನಿಂತಿತು. ಒಳಗೆ ರೇಣುಕಪ್ರಸಾದ್ ಮಾರಮ್ಮ ಎಂಬ ಮುದುಕಿಯ ಕುಟುಂಬ ಪಿಂಚಣಿಯ ಅರ್ಜಿ ತುಂಬುತ್ತಿದ್ದ. ಸಮವಸ್ತ್ರ ಕಂಡವನು ಎದ್ದು ನೆಟ್ಟಗೆ ನಿಂತ.

"ಯಾಕೆ ಬಂದೆವು ಗೊತ್ತಾ?"

"ಗೊತ್ತು ಮೇಡಂ. ಈ ಅಜ್ಜಿದು ಒಂದು ಪುಟ ಉಳಿದಿದೆ. ಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದಾರೆ."

"ಮುಗಿಸಿ."

ಅವನು ಮುಗಿಸಿ, ಅಜ್ಜಿಯ ಹೆಬ್ಬೆರಳಿನ ಶಾಯಿಯನ್ನು ತಾನೇ ಒರೆಸಿ ಕಳಿಸಿದ. ಆಮೇಲೆ ಮೇಜಿನ ಖಾನೆಯಿಂದ ಕಾರ್ಡನ್ನು ತೆಗೆದುಕೊಟ್ಟ. ಹೆಸರು ಮಲ್ಲಿಕಾಂಬ, ಚಿತ್ರದಲ್ಲಿದ್ದವಳು ಗುರುಶಾಂತಮ್ಮ.

"ನೀವೂ ಸೈನ್ಯದಲ್ಲಿದ್ದವರು. ನಿಮಗೆ ಕಾರ್ಡ್ ಇರಲಿಲ್ಲವಾ?"

"ಪಿಂಚಣಿ ಇದ್ದೋರಿಗೆ ಮಾತ್ರ. ಪಿಂಚಣಿಗೆ ಹದಿನೈದು ವರ್ಷ ಆಗ್ಬೇಕು. ನಾನು ಹನ್ನೆರಡಕ್ಕೇ ಬಂದೆ. ಅವ್ವಂಗೆ ಲಕ್ವಾ ಹೊಡೆದಿತ್ತು, ಎತ್ತಿ ಕೂರ್ಸೋರು ಇರ್ಲಿಲ್ಲ. ಮೂರು ವರ್ಷ ಕಮ್ಮಿ ಬಿತ್ತು, ಅಷ್ಟೇ ಮೇಡಂ. ನನ್ನ ಹೆಂಡ್ತಿಗೆ ಬರೆದ ಇಂಜೆಕ್ಷನ್ ಬೇರೆ ಯಾವ ಸರ್ಕಾರಿ ಯೋಜನೇಲೂ ಇರ್ಲಿಲ್ಲ."

"ಮಲ್ಲಿಕಾಂಬನವರದೇ ಯಾಕೆ?"

"ಅತ್ತಿಗೆ ಗಟ್ಟಿಮುಟ್ಟು. ಅವರಿಗೆ ಯಾವತ್ತೂ ಬೇಕಾಗಲ್ಲ ಅಂದ್ಕೊಂಡೆ." ಅವನು ಶಾಯಿಯ ಡಬ್ಬಿಯ ಮುಚ್ಚಳ ಹಾಕಿದ. "ಅವರಿಗೆ ಹಿಂಗಾಗಿದೆ ಅಂತ ಹೋದ ವಾರ ತಿಳೀತು."

ಖಾನೆಯಲ್ಲಿ ಒಂಬತ್ತು ಕಾಗದಗಳು ಸಿಕ್ಕವು. ಎಲ್ಲದರಲ್ಲೂ ಒಂದೇ ಒಕ್ಕಣೆ: ಮಾರ್ಚ್ 14ರಂದು ಮೃತಳಾದವಳು ನನ್ನ ಹೆಂಡತಿ ಗುರುಶಾಂತಮ್ಮ. ಮೊದಲನೆಯದರ ತಾರೀಕು ಮಾರ್ಚ್ 17. ಒಂದನ್ನೂ ಅಂಚೆಗೆ ಹಾಕಿರಲಿಲ್ಲ. ಊರಿನವರ ಅರ್ಜಿಗಳನ್ನೆಲ್ಲ ಮುಟ್ಟಿಸಿದವನಿಗೆ ತನ್ನದೊಂದನ್ನು ಮುಟ್ಟಿಸಲು ಧೈರ್ಯವಾಗಿರಲಿಲ್ಲ. ಲಕ್ಕಣ್ಣ ಅವನ್ನೂ ಪಂಚನಾಮೆಗೆ ಸೇರಿಸಿದರು.

ಹನ್ನೆರಡೂವರೆಗೆ ಬಂಧನದ ಪತ್ರಕ್ಕೆ ಅವನು ಸಹಿ ಮಾಡಿದ. ಮೊದಲು ನಂಬರು, ಆಮೇಲೆ ಹೆಸರು. ಈ ಸಲ ಎರಡೂ ಅವನವೇ.

ಸಂಜೆ ಶಿರೀನ್ ಆಸ್ಪತ್ರೆಗೆ, ಪಾಲಿಕ್ಲಿನಿಕ್‌ಗೆ, ಜನನ ಮರಣ ನೋಂದಣಿ ಕಚೇರಿಗೆ ತುರ್ತು ಪತ್ರ ಕಳಿಸಿದಳು. ಜುಲೈ 4ರಂದು ನೋಂದಣಿ ಕಚೇರಿಯ ಉತ್ತರ ಬಂತು: ಮರಣ ದಾಖಲೆ ರದ್ದುಪಡಿಸಲು ನ್ಯಾಯಾಲಯದ ಆದೇಶ ಬೇಕು. ನ್ಯಾಯಾಲಯ ಕೊಟ್ಟ ಮೊದಲ ತಾರೀಕು ಸೆಪ್ಟೆಂಬರ್ 9. ನೋಂದಣಿ ಕಚೇರಿಯ ಉತ್ತರ ಬರುವಷ್ಟರಲ್ಲೇ, ಗಂಟು ಕಂಕುಳಿಗೂ ಹಬ್ಬಿದೆಯೆಂದು ಡಾಕ್ಟರು ಬರೆದುಕೊಟ್ಟಾಗಿತ್ತು.

ಉತ್ತರದ ನಕಲನ್ನು ಒಯ್ಯಲು ಮಲ್ಲಿಕಾಂಬ ತಾವೇ ಠಾಣೆಗೆ ಬಂದರು. ಮಡಿಸಿ ಚೀಲದಲ್ಲಿಟ್ಟುಕೊಂಡು, ಬಾಗಿಲಲ್ಲಿ ನಿಂತು ಕೇಳಿದರು.

"ಆ ಆಸ್ಪತ್ರೆ ಹುಡುಗಿ ಏನಾದ್ರೂ ಅಂದ್ಲಾ ತಾಯಿ? ನನ್ನ ಹೆಸರಲ್ಲಿ ಹೋದೋಳು ಕೊನೇಲಿ ನೋವು ಪಟ್ಳಾ?"

ಕೊನೆಯ ರಾತ್ರಿಗಳ ಬಗ್ಗೆ ನರ್ಸ್ ಅಕ್ಷತಾ ಹೇಳಿದ್ದು ಶಿರೀನ್‌ಗೆ ಚೆನ್ನಾಗಿ ನೆನಪಿತ್ತು.

"ಇಲ್ಲಮ್ಮ," ಅಂದಳು. "ನಿದ್ದೇಲೇ ಹೋದ್ರಂತೆ."

ಮಲ್ಲಿಕಾಂಬ ತಲೆಯಾಡಿಸಿ, ಎಡಗೈಯನ್ನು ಬಲಗೈಯಲ್ಲಿ ಎತ್ತಿಕೊಂಡು, ಒಂದೊಂದೇ ಮೆಟ್ಟಿಲು ಇಳಿದರು.